ಕಟಕ್ ಕಟಕ್ ಅನ್ನುವ ಹಾರ್ಡ್ ಡಿಸ್ಕನ್ನು ಸಿಕ್ಕಸಿಕ್ಕವರಿಗೆ ಬಿಚ್ಚಲು ಕೊಡಬೇಡಿ

ಹೋದ ಮಳೆಗಾಲದ ಒಂದು ರಾತ್ರಿ, ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಹಳೇ ಡೆಸ್ಕ್‌ಟಾಪ್ ಆನ್ ಆಗಲೇ ಇಲ್ಲ. ಡಬ್ಬದೊಳಗಿಂದ ಕಟಕ್, ಕಟಕ್, ಥೇಟ್ ಹಲ್ಲಿ ಲೊಚಗುಟ್ಟಿದ ಹಾಗೆ. ಶಕುನ ಆಗಲೇ ಅರ್ಥ ಆಗಬೇಕಿತ್ತು. ನಾನು ಸುಮ್ನೆ ಇರದೆ ಆಫ್ ಮಾಡಿ, ಆನ್ ಮಾಡಿ, ಹತ್ತು ಸಲ ನೋಡಿದೆ. ಮೊದಲ ತಪ್ಪು ನನ್ನದೇ. ಈ ಸದ್ದು ಬಂದರೆ ಒಳಗೆ ತಿರುಗುವ ತಟ್ಟೆಯಿಂದ ಮಾಹಿತಿ ಓದುವ ಹೆಡ್ ಕೆಟ್ಟಿದೆ ಅಂತಲೇ ಹೆಚ್ಚಾಗಿ ಅರ್ಥ, ತಕ್ಷಣ ಪ್ಲಗ್ ಕೀಳಬೇಕು.

1 ಟಿಬಿ ಡಿಸ್ಕ್. ಅಪ್ಪನ ಅರವತ್ತರ ಶಾಂತಿಯ ಫೋಟೋ, ಊರಮನೆ ಕೆಡವುವ ಮೊದಲು ತೆಗೆದ ವಿಡಿಯೋ ಎಲ್ಲಾ ಅದರಲ್ಲೇ. ಬ್ಯಾಕಪ್ ಇತ್ತಾ ಅಂತ ಕೇಳಬೇಡಿ.

ಶನಿವಾರ ದಾದರ್‌ನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿಗೆ ಹೋದೆ. ಮುಂಬಯಿಯ ಕಂಪ್ಯೂಟರ್ ಸಾಮಾನಿನ ಬೀದಿ ಲ್ಯಾಮಿಂಗ್ಟನ್ ರೋಡ್ ಗೊತ್ತಲ್ವಾ, ಬೋರ್ಡಿನಲ್ಲಿ ಭಡಕಮಕರ್ ಮಾರ್ಗ ಅಂತ ಇರುತ್ತೆ, ಹಾಗಂತ ಯಾರೂ ಕರೆಯಲ್ಲ. ಅಲ್ಲಿ ಒಳ್ಳೆ ಅಂಗಡಿಗಳೂ ಇವೆ, ನನ್ನ ಕಂಪ್ಯೂಟರಿನ ರ್‍ಯಾಮ್ ಅಲ್ಲಿಂದಲೇ ತಂದಿದ್ದು. ಈ ಸಲ ಸಿಕ್ಕಿದವನು ಮೆಟ್ಟಿಲ ಕೆಳಗೆ ಒಂದು ಟೇಬಲ್ ಹಾಕಿಕೊಂಡವನು. "ಅಣ್ಣಾ, ಟೆನ್ಷನ್ ಮತ್ ಲೋ, ಹೋ ಜಾಯೇಗಾ" ಅಂದ. ಆ ಮಾತಿಗೇ 4500 ರೂಪಾಯಿ ಕೊಟ್ಟೆ ಅನ್ನಿ, ರಸೀದಿ ಕೂಡ ಕೇಳಲಿಲ್ಲ.

ಎರಡು ದಿನ ಅದೇ ಡಿಸ್ಕಿನ ಮೇಲೆ ರಿಕವರಿ ಸಾಫ್ಟ್‌ವೇರ್ ಓಡಿಸಿದ. ಅದು ಡಿಲೀಟ್ ಆದ ಫೈಲಿಗೆ ಸರಿ, ಡಿಸ್ಕ್ ಗಟ್ಟಿಯಾಗಿದ್ದಾಗ. ಹೆಡ್ ಕೆಟ್ಟಿದ್ದರೆ ಗಾಯಕ್ಕೆ ಉಪ್ಪು ಹಾಕಿ ತಿಕ್ಕಿದ ಹಾಗೆ. ಆಮೇಲೆ ಅದೇ ಮಾಡೆಲಿನ ಇನ್ನೊಂದರ ಸರ್ಕ್ಯೂಟ್ ಬೋರ್ಡ್ ಕಿತ್ತು ಇದಕ್ಕೆ ಕೂರಿಸಿದ. ಈಗಿನ ಡಿಸ್ಕುಗಳಲ್ಲಿ ಹಾಗೆ ಸುಮ್ನೆ ಬದಲಿಸಿದರೆ ನಡೆಯಲ್ಲ, ಬೋರ್ಡಿನ ಚಿಪ್ಪಿನಲ್ಲಿ ಆಯಾ ಡಿಸ್ಕಿಗೇ ಹೊಂದಿಸಿದ ಲೆಕ್ಕ ಇರುತ್ತೆ, ಅದನ್ನೂ ಸಾಗಿಸಬೇಕು. ಇದೆಲ್ಲಾ ನನಗೆ ಆಮೇಲೆ ಗೊತ್ತಾಗಿದ್ದು.

ಮೂರನೇ ಸಲ ಹೋದಾಗ ನನ್ನ ಕಣ್ಣೆದುರೇ ಸ್ಟಿಕರ್ ಚುಚ್ಚಿ, ಅದರಡಿಯ ಸ್ಕ್ರೂ ತೆಗೆದು ಮುಚ್ಚಳ ಎತ್ತಿದ. ಮೇಲೆ ಫ್ಯಾನ್ ಗಿರಗಿರ ತಿರುಗ್ತಿತ್ತು, ಪಕ್ಕದಲ್ಲಿ ವಡಾಪಾವ್ ಸುತ್ತಿದ್ದ ಪೇಪರ್. ಕನ್ನಡಿಯಂಥ ತಟ್ಟೆ, ನನ್ನ ಮುಖ ಕಾಣ್ತಿತ್ತು. ಅವನು ಬಾಯಿಂದ ಉಫ್ ಅಂತ ಊದಿ, ಕರೆಂಟ್ ಕೊಟ್ಟ. ಕರ್ರ್ ಅಂತು. ಆ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತೆ. ಹೆಡ್ ಅದರ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತೆ, ಕೂದಲಿನ ದಪ್ಪಕ್ಕಿಂತ ಸಾವಿರಾರು ಪಟ್ಟು ಕಡಿಮೆ ಜಾಗ. ಅಲ್ಲಿ ಒಂದು ಧೂಳಿನ ಕಣ ಅಂದರೆ ರಸ್ತೆ ಮಧ್ಯೆ ಬಂಡೆ.

ಕೊನೆಗೆ ಪುಣೆಯ ಒಂದು ಲ್ಯಾಬಿಗೆ ಕೊಟ್ಟೆ. ಧೂಳಿಲ್ಲದ ಕೋಣೆ, ಗ್ಲೌಸು, ಮಾಸ್ಕು. ಅವರು ಫೋಟೋ ತೆಗೆದು ತೋರಿಸಿದರು: ತಟ್ಟೆಯ ಸುತ್ತ ಬಳೆಯ ಹಾಗೆ ಗೀರು, ಅಲ್ಲಿನ ಲೇಪ ಕೆರೆದು ಪುಡಿಯಾಗಿದೆ. ಸದ್ದು ಬಂದ ದಿನವೇ ತಂದಿದ್ದರೆ ಬೇರೆ ಡಿಸ್ಕಿನ ಹೆಡ್ ಹಾಕಿ ನೋಡಬಹುದಿತ್ತು ಸಾರ್, ಅಂದರು. ನೀವು ಕೊಡೋದಾದರೆ ಎರಡೇ ಪ್ರಶ್ನೆ ಕೇಳಿ: ಎಲ್ಲಿ ಬಿಚ್ಚುತ್ತೀರಿ, ಮೊದಲು ಇಡೀ ಡಿಸ್ಕಿನ ನಕಲು ತೆಗೆದು ಆ ನಕಲಿನ ಮೇಲೆ ಕೆಲಸ ಮಾಡ್ತೀರಾ. ಉತ್ತರ ತಡವರಿಸಿದರೆ ಎತ್ತಿಕೊಂಡು ಬನ್ನಿ. ಫ್ರೀಜರಿನಲ್ಲಿ ಇಡಿ ಅಂತ ನೆಂಟರು ಹೇಳಿದರೂ ಇಡಬೇಡಿ, ಒಳಗೆ ನೀರು ಕಟ್ಟುತ್ತೆ.

ಫೋಟೋ ಒಂದಷ್ಟು ಮಾಟುಂಗದ ಅತ್ತಿಗೆಯ ವಾಟ್ಸಾಪಿನಲ್ಲಿ ಸಿಕ್ಕವು. ಊರಮನೆಯ ವಿಡಿಯೋ ಯಾರ ಹತ್ತಿರವೂ ಇಲ್ಲ. ದುಡ್ಡು ವಾಪಸ್ ಕೇಳೋಣ ಅಂತ ಆ ಮೆಟ್ಟಿಲ ಹತ್ತಿರ ಹೋದೆ. ಅವನು ಇನ್ನೊಬ್ಬರ ಡಿಸ್ಕಿನ ಸ್ಟಿಕರ್ ಚುಚ್ಚುತ್ತಿದ್ದ, ತಲೆ ಎತ್ತದೆ "ಅಣ್ಣಾ, ಡಿಸ್ಕ್ ಹೀ ಖರಾಬ್ ಥಾ" ಅಂದ.