ಭೀಮಾಶಂಕರದ ಮೌನ ಶಿಬಿರ: ಸಿದ್ಧತೆಗೆ ಮೆಚ್ಚುಗೆ, ಆರೋಗ್ಯ ಫಾರ್ಮಿನ ಬಗ್ಗೆ ತಕರಾರು

ಪುಣೆಯ ಒಂದು ಸಂಸ್ಥೆಯವರು ಭೀಮಾಶಂಕರದ ಕಾಡಿನಂಚಿನಲ್ಲಿ ನಡೆಸುವ ಮೂರು ದಿನಗಳ ಮೌನ ಶಿಬಿರಕ್ಕೆ ಕಳೆದ ನವೆಂಬರಿನಲ್ಲಿ ಹೋಗಿ ಬಂದೆ. ಶುಲ್ಕ 8,500 ರೂಪಾಯಿ. ಊಟ, ವಸತಿ, ಪುಣೆಯಿಂದ ಹೋಗಿಬರುವ ವಾಹನ ಎಲ್ಲವೂ ಅದರಲ್ಲೇ ಸೇರಿತ್ತು. ಕಲಬುರಗಿ ಜಿಲ್ಲೆಯವನಾದ ನಾನು ಈ ಜಾಗವನ್ನು ಆರಿಸಿಕೊಂಡದ್ದಕ್ಕೆ ಸ್ವಂತದ್ದೊಂದು ಕಾರಣವೂ ಇತ್ತು: ಚಿಕ್ಕಂದಿನಿಂದ ಗಾಣಗಾಪುರದಲ್ಲಿ ನಾನು ಮುಳುಗೆದ್ದ ಭೀಮೆ ಹುಟ್ಟುವುದು ಇಲ್ಲಿಯೇ. ಆದರೂ ಈ ಶಿಬಿರದ ನಿಜವಾದ ಬೆಲೆಯಿರುವುದು ಹೊರಡುವ ಮೊದಲಿನ ಮೂರು ವಾರಗಳ ಸಿದ್ಧತೆಯಲ್ಲಿ ಎಂಬುದು ನನ್ನ ಅಭಿಪ್ರಾಯ.

ಹಣ ಕಟ್ಟಿದ ಮರುದಿನವೇ ವಾಟ್ಸಾಪ್‌ನಲ್ಲಿ ದಿನಚರಿ ಬಂತು. ವಾರದ ದಿನಗಳಲ್ಲಿ ಪುಣೆಯ ಪರ್ವತಿ ಗುಡ್ಡದ 103 ಮೆಟ್ಟಿಲು, ಭಾನುವಾರ ಆತಕರವಾಡಿ ಹಳ್ಳಿಯ ಕಡೆಯಿಂದ ಸಿಂಹಗಡ ಕೋಟೆ ಹತ್ತಬೇಕು. ಅದೂ ಶಿಬಿರದಲ್ಲಿ ಹಾಕಿಕೊಳ್ಳುವ ಬೂಟುಗಳಲ್ಲಿಯೇ, ಬೆನ್ನಿಗೆ ಐದು ಕಿಲೋ ಭಾರದ ಚೀಲ ಹೊತ್ತು. ಮೊದಲ ಭಾನುವಾರವೇ ನನ್ನ ಎಡ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತು. ಗಡದ ಮೇಲೆ ಬೂಟು ಬಿಚ್ಚಿ ಕುಳಿತು ಪಿಠಲ-ಭಾಕ್ರಿ ತಿನ್ನುವಾಗ (ನಮ್ಮ ಝುಣಕ-ರೊಟ್ಟಿಯೇ ಅದು, ಖಾರ ಮಾತ್ರ ಕಡಿಮೆ) ಆ ಗುಳ್ಳೆ ಕಾಡಿನಲ್ಲಿ ಏಳದೆ ಅಲ್ಲಿಯೇ ಎದ್ದದ್ದು ಒಳ್ಳೆಯದಾಯಿತೆನಿಸಿತು.

ಇನ್ನೂ ಹೆಚ್ಚು ಉಪಯೋಗಕ್ಕೆ ಬಂದದ್ದು ಚಹಾದ ಬಗ್ಗೆ ಅವರು ಕೊಟ್ಟ ಸೂಚನೆ. ದಿನಕ್ಕೆ ಐದು ಕಪ್ಪು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ 12ರಿಂದ 24 ಗಂಟೆಗಳೊಳಗೆ ತಲೆನೋವು ಶುರುವಾಗಿ ಎರಡನೆಯ ದಿನ ಜೋರಾಗುತ್ತದೆ. ಅಲ್ಲಿಗೆ ಧ್ಯಾನಕ್ಕೆಂದು ಬಂದವರು ಹಣೆಗೆ ಬಾಮ್ ಹಚ್ಚಿಕೊಂಡು ಮಲಗಬೇಕಾಗುತ್ತದೆ. ಆದ್ದರಿಂದ ನಾಲ್ಕು ದಿನಕ್ಕೊಂದು ಕಪ್ಪಿನಂತೆ ಕಡಿಮೆ ಮಾಡುತ್ತಾ ಬರಲು ಹೇಳಿದ್ದರು. ಹೀಗೆ ಕಡಿಮೆ ಮಾಡಿಕೊಂಡು ಬಂದ ನನಗೆ ತಲೆನೋವು ಬರಲಿಲ್ಲ, ಈ ಸೂಚನೆಯನ್ನು ನಕ್ಕು ಬಿಟ್ಟಿದ್ದ ಸಹಶಿಬಿರಾರ್ಥಿಯೊಬ್ಬರು ಮಾತ್ರ ಮೊದಲ ಸಂಜೆಯಿಂದಲೇ ತಲೆಗೆ ಬಟ್ಟೆ ಕಟ್ಟಿಕೊಂಡಿದ್ದರು.

ಭೀಮಾಶಂಕರದ ಕಾಡು 1985ರಿಂದ ವನ್ಯಧಾಮವಾಗಿರುವುದರಿಂದ ರಾತ್ರಿಯ ವಸತಿಯನ್ನು ಹೊರಗಿನ ಹಳ್ಳಿಯೊಂದರಲ್ಲಿ ಮಾಡಿದ್ದರು, ಚೊಕ್ಕವಾಗಿತ್ತು. ಎರಡನೆಯ ದಿನ ಬೆಳಗಿನಿಂದ ಸಂಜೆಯವರೆಗೆ ಒಬ್ಬೊಬ್ಬರೂ ಒಂದೊಂದು ಮರದ ಕೆಳಗೆ ಒಂಟಿಯಾಗಿ ಕೂರಬೇಕು. ಕೊರಳಿಗೆ ಒಂದು ಸೀಟಿ. ಮೂರು ಸಲ ಊದಿದರೆ ಮಾರ್ಗದರ್ಶಿ ಬರುತ್ತಾರೆ. ನನ್ನ ನೆತ್ತಿಯ ಮೇಲೆ ಮರಾಠಿಯವರು ಶೇಕರು ಎನ್ನುವ ಕೆಂದಳಿಲಿನ ಗೂಡಿತ್ತು. ಅದರ ಕಟಕಟ ಕೂಗನ್ನು ಕೇಳುತ್ತಾ ಮನಸ್ಸು ಹಗುರಾಗುತ್ತಿದ್ದಾಗ, ಹತ್ತು ಗಂಟೆಯ ಸುಮಾರಿಗೆ ಮೈ ತಣ್ಣಗೆ ಬೆವರಿ ಕೈ ನಡುಗತೊಡಗಿತು.

ಆಗಿದ್ದದ್ದು ಇಷ್ಟು. ಆ ದಿನ ಉಪವಾಸವೆಂಬುದು ದಿನಚರಿಯಲ್ಲಿ ಎಲ್ಲಿಯೂ ಇರಲಿಲ್ಲ, ಮರಗಳ ಕಡೆಗೆ ಹೊರಡುವಾಗ ಹೇಳಿದರು. ಅಷ್ಟರಲ್ಲಿ ನಾನು ತಿಂಡಿಗೆ ಮುಂಚಿನ, ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ಮಾತ್ರೆಯನ್ನು ನುಂಗಿ ಆಗಿತ್ತು. ಅದನ್ನು ನುಂಗಿ ಹಸಿದು ಕೂತರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದೆಂದು ಗೊತ್ತಿದ್ದೂ ಮೌನ ಮುರಿಯಲು ಸಂಕೋಚಪಟ್ಟದ್ದು ನನ್ನ ತಪ್ಪು. ಸೀಟಿ ಊದಿದೆ. ಐದು ನಿಮಿಷದೊಳಗೆ ಓಡಿ ಬಂದ ಹುಡುಗ ಬೆಲ್ಲದ ಉಂಡೆ ಮತ್ತು ನೀರು ಕೊಟ್ಟು, ನಡುಕ ನಿಲ್ಲುವವರೆಗೂ ಪಕ್ಕದಲ್ಲೇ ಕುಳಿತಿದ್ದ. ಆಮೇಲೆ, "ಶುಗರ್ ಇದೆಯೆಂದು ಮೊದಲೇ ಹೇಳಬಾರದಿತ್ತೇ ಕಾಕಾ?" ಎಂದು ಮರಾಠಿಯಲ್ಲಿ ಕೇಳಿದ. ಮೂರು ವಾರ ಮುಂಚೆಯೇ ಅವರ ಆರೋಗ್ಯ ಫಾರ್ಮಿನಲ್ಲಿ, ಮಾತ್ರೆಯ ಹೆಸರು ಮತ್ತು ಪ್ರಮಾಣದ ಸಮೇತ, ಬರೆದುಕೊಟ್ಟಿದ್ದೆ. ಯಾರೂ ಓದಿರಲಿಲ್ಲ.

ಬೂಟು, ಚಹಾಗಳ ಬಗ್ಗೆ ಇಷ್ಟು ಕಾಳಜಿ ತೋರಿದವರು ಈ ಒಂದು ಹಾಳೆಯನ್ನು ಓದದೆ ಬಿಟ್ಟದ್ದು ಸಣ್ಣ ಲೋಪವಲ್ಲ. ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಮಾತ್ರೆ ತೆಗೆದುಕೊಳ್ಳುವವರು ಉಪವಾಸವಿದೆಯೇ ಎಂದು ಮೊದಲೇ ಕೇಳಿಕೊಂಡು, ತಮ್ಮ ವೈದ್ಯರನ್ನು ಕಂಡು ಹೋಗಬೇಕು. ಮಳೆಗಾಲ ಮುಗಿದ ಮೇಲೆ ನಾನು ಮತ್ತೆ ಹೋಗುವವನಿದ್ದೇನೆ, ಈ ಸಲ ಫಾರ್ಮನ್ನು ಫೋನಿನಲ್ಲಿ ನಾನೇ ಅವರಿಗೆ ಓದಿ ಹೇಳುತ್ತೇನೆ.