ಓಷಿಯಾನಿಯಾ ಚಾಂಪಿಯನ್ಸ್ ಲೀಗ್ 2019: ಆಟಕ್ಕೆ ನಾಲ್ಕು ಸ್ಟಾರ್, ಸ್ಟ್ರೀಮಿಂಗ್‌ಗೆ ಒಂದೇ

ನಮ್ ಕಡೆ ಯಾರೂ ನೋಡಲ್ಲ ಪೆಸಿಫಿಕ್ ದ್ವೀಪಗಳ ಈ ಫುಟ್‌ಬಾಲ್ ಲೀಗ್‌ನ, ಆದ್ರೂ ಹೇಳ್ಲೇಬೇಕು. 2010ರಲ್ಲಿ ಪಪುವಾ ನ್ಯೂಗಿನಿಯ ಹೆಕಾರಿ ಕ್ಲಬ್ ಗೆದ್ದಿದ್ದು ಬಿಟ್ರೆ ಈ ಕಪ್ ನ್ಯೂಜಿಲೆಂಡ್ ಕ್ಲಬ್‌ಗಳ ಅಪ್ಪನ ಮನೆ ಆಸ್ತಿ ಆಗೋಗಿತ್ತು, ಆಕ್ಲೆಂಡ್ ಸಿಟಿ ಅಂತೂ 2011ರಿಂದ ಸತತ ಏಳು ಸಲ! ಈ ಸೀಸನ್ ಫೈನಲ್‌ಗೆ ಬಂದಿದ್ದು ಎರಡೂ ನ್ಯೂ ಕ್ಯಾಲೆಡೋನಿಯಾ (ಪೆಸಿಫಿಕ್‌ನಲ್ಲಿ ಫ್ರಾನ್ಸ್‌ಗೆ ಸೇರಿದ ದ್ವೀಪ) ಟೀಮೇ, ಮ್ಯಾಚೂ ಅಲ್ಲೇ ನೂಮಿಯಾದಲ್ಲಿ, ಒಂಥರಾ ಊರ ಜಾತ್ರೆ. ಯೆಂಗೆನ್ ಸ್ಪೋರ್ಟ್ 1-0ಯಿಂದ ಮಜೆಂಟಾನ ಸೋಲಿಸ್ತು.

ಸ್ಟ್ರೀಮಿಂಗ್ ಮಾತ್ರ ದಂಡ ಕಣ್ರೀ. ಯೆಂಗೆನ್‌ನ ರೋಯಿನ್ ಗೋಲ್ ಹೊಡೆಯೋ ಹೊತ್ತಿಗೆ ಸರಿಯಾಗಿ ಚಕ್ರ ತಿರುಗ್ತಾ ನಿಂತ್ಬಿಡ್ತು, ಪಿಕ್ಚರ್ ವಾಪಸ್ ಬಂದಾಗ ಎಲ್ಲಾ ತಬ್ಕೊಂಡು ಕುಣೀತಿದ್ರು, ಗೋಲ್ ನೋಡಿದ್ದು ಆಮೇಲೆ ಹೈಲೈಟ್ಸಲ್ಲಿ. ಡಿಸೆಂಬರ್‌ನಲ್ಲಿ ಇದೇ ಯೆಂಗೆನ್ ಹುಡುಗ್ರು ದೋಹಾದ ಕ್ಲಬ್ ವರ್ಲ್ಡ್ ಕಪ್‌ನಲ್ಲಿ ಸೋತ್ರೂ, ಕತಾರ್ ಕ್ಲಬ್ ಅಲ್ ಸದ್‌ಗೆ ಎಕ್ಸ್‌ಟ್ರಾ ಟೈಮ್ ತನಕ ಬೆವರಿಳಿಸಿದ್ರು.