ಟೊಮೆಟೊ ಎಲೆಯ ಬೂದಿ ರೋಗ ನೋಡಲು 10 ಪಟ್ಟಿನ ಲೆನ್ಸ್: ಹೇಗಿದೆ, ಯಾಕೆ ಬೇಕು

ಮನೆಯಲ್ಲಿ ಟೊಮೆಟೊ ಬೆಳೆಯುವವರು ಔಷಧಿ ತರುವ ಮೊದಲು ಒಂದು ಲೆನ್ಸ್ ತಂದುಕೊಳ್ಳಿ. ಚಿನ್ನದ ಕೆಲಸದವರು ಕಣ್ಣಿಗೆ ಹಿಡಿದು ನೋಡುತ್ತಾರಲ್ಲ, ಆ ಮಡಚುವ ಲೆನ್ಸ್. ನನ್ನದು ಮಂಗಳೂರಿನ ಕಾರ್‌ಸ್ಟ್ರೀಟ್ ಕಡೆಯ ಅಂಗಡಿಯಿಂದ ತಂದದ್ದು. ಸ್ಟೀಲ್ ಕವಚ, 21 ಮಿಲಿಮೀಟರ್ ಗಾಜು, 10 ಪಟ್ಟು ದೊಡ್ಡದು ಮಾಡುತ್ತದೆ. 300 ರೂಪಾಯಿ ಒಳಗೇ ಸಿಕ್ಕಿತು. ಉಡುಪಿ ಸಂತೆಕಟ್ಟೆಯ ನಮ್ಮ ಹಿತ್ತಿಲಿಗೆ ಹೋಗುವಾಗ ಅದು ಜೇಬಿನಲ್ಲಿ ಇದ್ದೇ ಇರುತ್ತದೆ.

ನಮ್ಮ ಕಡೆ ಟೊಮೆಟೊ ಅಂದರೆ ಮಳೆ ಬಿಟ್ಟ ಮೇಲಿನ ಬೆಳೆ. ಅಕ್ಟೋಬರ್, ನವೆಂಬರಿನಲ್ಲಿ ಸಸಿ ನೆಡುತ್ತೇವೆ. ಡಿಸೆಂಬರ್ ಹೊತ್ತಿಗೆ ರಾತ್ರಿ ಸ್ವಲ್ಪ ತಂಪು, ಗಾಳಿಯಲ್ಲಿ ತೇವ, ಆದರೆ ಮಳೆ ಇಲ್ಲ. ಎಲೆ ಮೇಲೆ ಬಿಳಿ ಪುಡಿಯಂತೆ ಹರಡುವ ಶಿಲೀಂಧ್ರ ರೋಗವಾದ ಬೂದಿ ರೋಗಕ್ಕೆ ಇಷ್ಟು ಸಾಕು. ಬೇರೆ ಎಷ್ಟೋ ಶಿಲೀಂಧ್ರಗಳಿಗೆ ಎಲೆ ಒದ್ದೆಯಾಗಿರಬೇಕು, ಇದಕ್ಕೆ ಅದೂ ಬೇಡ. ತೆಂಗಿನ ಮರದ ನೆರಳು, ಒತ್ತೊತ್ತಾಗಿ ಇಟ್ಟ ಗ್ರೋ ಬ್ಯಾಗ್ ಇದ್ದರೆ ಇನ್ನೂ ಜಾಸ್ತಿ.

ಆದರೆ ಎಲೆ ಮೇಲೆ ಬೆಳ್ಳಗೆ ಕಂಡದ್ದೆಲ್ಲ ಬೂದಿ ರೋಗ ಅಲ್ಲ. ಬರಿಗಣ್ಣಿಗೆ ಎಲ್ಲವೂ ಒಂದೇ ಥರ. ಲೆನ್ಸಿನ ಕೆಲಸ ಶುರುವಾಗುವುದು ಇಲ್ಲಿ. ಮೊದಲು ಒಂದು ಒಳ್ಳೆ ಎಲೆ ನೋಡಿ. ಟೊಮೆಟೊ ಎಲೆ ತುಂಬ ರೋಮ. ಒಂದೊಂದು ರೋಮವೂ ಬೇರೆ ಬೇರೆ ನಿಂತಿರುತ್ತದೆ, ಕೆಲವಕ್ಕೆ ತುದಿಯಲ್ಲಿ ಪುಟ್ಟ ಗುಂಡು. ಗಿಡ ಮುಟ್ಟಿದಾಗ ಕೈಗೆ ಹಳದಿ ಹಸಿರು ಬಣ್ಣ ಹತ್ತುವುದು ಅದರಿಂದಲೇ. ಇದು ಕಣ್ಣಿಗೆ ರೂಢಿಯಾಗಲಿ. ಆಮೇಲೆ ಬೂದಿ ಬಂದ ಎಲೆಯನ್ನು ಬೆಳಗಿನ ಓರೆ ಬಿಸಿಲಿಗೆ ಹಿಡಿಯಿರಿ. ರೋಮಗಳ ಬುಡದಲ್ಲಿ ಬಿಳಿ ಎಳೆಗಳು ಎಲೆಗೆ ಅಂಟಿಕೊಂಡು ಹರಿದಿರುತ್ತವೆ, ಒಂದರ ಮೇಲೊಂದು ಹೆಣೆದುಕೊಂಡಿರುತ್ತವೆ. ಅದರ ಮೇಲೆ ಅಕ್ಕಿ ಹಿಟ್ಟು ಉದುರಿಸಿದ ಹಾಗೆ ಪುಡಿ. ಬೆರಳಿಂದ ಉಜ್ಜಿದರೆ ಆ ಪುಡಿ ಬೆರಳಿಗೆ ಬರುತ್ತದೆ.

ಸುಣ್ಣ ಅಥವಾ ಔಷಧಿಯ ಕಲೆಯಾದರೆ ಎಳೆ ಕಾಣುವುದಿಲ್ಲ. ಹನಿ ಒಣಗಿದ ಉಂಗುರ ಮಾತ್ರ, ಅಂಚಿನಲ್ಲಿ ದಪ್ಪ. ಹಿಟ್ಟು ತಿಗಣೆಯಾದರೆ ಕಾಲು ಕಾಣುತ್ತದೆ.

ಎಲೆಯ ಅಡಿಭಾಗ ನೋಡದೆ ಯಾರೂ ತೀರ್ಮಾನಕ್ಕೆ ಬರಬೇಡಿ. ಟೊಮೆಟೊಗೆ ಬೂದಿ ರೋಗ ತರುವ ಶಿಲೀಂಧ್ರ ಒಂದೇ ಅಲ್ಲ. ಓಯಿಡಿಯಂ ಅನ್ನುವ ಗುಂಪಿನದ್ದು ಎಲೆಯ ಮೇಲ್ಗಡೆಯೇ ಬಿಳಿ ಮಚ್ಚೆ ಮಾಡುತ್ತದೆ, ಸುಲಭವಾಗಿ ಗೊತ್ತಾಗುತ್ತದೆ. ಲೆವೆಲ್ಯುಲಾ ಟೌರಿಕಾ ಅನ್ನುವುದು ಎಲೆಯ ಒಳಗೇ ಬೆಳೆಯುತ್ತದೆ. ಮೇಲ್ಗಡೆ ಅಂಚು ಸರಿಯಾಗಿಲ್ಲದ ಹಳದಿ ಮಚ್ಚೆ ಅಷ್ಟೇ. ಪುಡಿ ಇರುವುದು ಕೆಳಗೆ, ಅದೂ ತೆಳ್ಳಗೆ. ಗೊಬ್ಬರ ಕಡಿಮೆಯಾಗಿದೆ ಅಂದುಕೊಂಡು ಸುಮ್ನೆ ಗೊಬ್ಬರ ಸುರಿಯುವವರು ಎಷ್ಟು ಜನ ಇದ್ದಾರೆ! ಇನ್ನು, ಮೇಲೆ ಅದೇ ಥರ ಹಳದಿ ಇದ್ದು ಕೆಳಗೆ ಕಂದು ಹಸಿರು ಮಖಮಲ್ ಥರ ಕಂಡರೆ ಅದು ಎಲೆಬೂಷ್ಟು, ಬೇರೆಯೇ ರೋಗ. ನೀರು ಹೀರಿದಂಥ ಕಪ್ಪು ಕಲೆಯ ಅಂಚಿಗೆ ಮಾತ್ರ ಬಿಳಿ ಬೂಷ್ಟು ಇದ್ದರೆ ಅಂಗಮಾರಿ ಇರಬಹುದು. ಅದು ಕಾಯಿಗೂ ಇಳಿಯುತ್ತದೆ, ತಡ ಮಾಡುವ ಹಾಗಿಲ್ಲ. ಬೂದಿ ರೋಗ ಸಾಮಾನ್ಯವಾಗಿ ಕಾಯಿಗೆ ಬರುವುದಿಲ್ಲ. ಎಲೆ ಒಣಗಿ ಹೋದ ಮೇಲೆ ಕಾಯಿಗೆ ನೇರ ಬಿಸಿಲು ಬಡಿದು ಸುಡುತ್ತದೆ, ನಷ್ಟ ಆಗುವುದು ಹಾಗೆ.

ಬೂದಿ ರೋಗ ಹೌದು ಅಂತ ಖಚಿತವಾದರೆ ನೀರಲ್ಲಿ ಕರಗುವ ಗಂಧಕವೇ ಸಾಕಾಗುತ್ತದೆ. ಪೊಟ್ಟಣದ ಮೇಲೆ ಬರೆದ ಪ್ರಮಾಣ ಮೀರಬೇಡಿ. 32 ಡಿಗ್ರಿ ದಾಟುವ ಹೊತ್ತಲ್ಲಿ ಹೊಡೆದರೆ ಎಲೆ ಸುಡುತ್ತದೆ, ನಮ್ಮಲ್ಲಿ ಜನವರಿ ಮಧ್ಯಾಹ್ನವೂ ಅಷ್ಟಾಗುತ್ತದೆ ಅಲ್ವಾ? ಸಂಜೆಯೇ ಒಳ್ಳೆಯದು. ಬೇವಿನ ಎಣ್ಣೆ ಹೊಡೆದಿದ್ದರೆ ಎರಡು ವಾರ ಗಂಧಕ ಬೇಡ.

ಈಗ ಲೆನ್ಸಿನ ಕೊರತೆಗಳು. ಕಾಣುವ ಜಾಗ ತುಂಬ ಚಿಕ್ಕದು. ಲೆನ್ಸನ್ನು ಕಣ್ಣಿಗೆ ಅಂಟಿಸಿ, ಎಲೆಯನ್ನೇ ಹತ್ತಿರ ತರಬೇಕು. ನಮ್ಮ ಸೆಕೆಗೆ ಗಾಜಿನ ಮೇಲೆ ಆವಿ ಕೂರುತ್ತದೆ. ಬೀಜಕಣ ಒಂದೊಂದಾಗಿ ಕಾಣುವುದಿಲ್ಲ, ಅದಕ್ಕೆ ಮೈಕ್ರೋಸ್ಕೋಪೇ ಬೇಕು. ಮಳೆಗಾಲದಲ್ಲಿ ಲೆನ್ಸಿಗೇ ಬೂಷ್ಟು ಹಿಡಿಯಬಹುದು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ.

ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ. ಅಗ್ಗದ ಲೆನ್ಸುಗಳ ಮೇಲೆ 30 ಪಟ್ಟು ಅಂತ ಬರೆದಿರುತ್ತಾರೆ. ಅಕ್ಷರ ಸ್ಪಷ್ಟವಾಗುವ ದೂರ ನೋಡಿ. ಎರಡೂವರೆ ಸೆಂಟಿಮೀಟರ್ ಇದ್ದರೆ ಅದು 10 ಪಟ್ಟಿನದ್ದೇ. ನಿಜವಾದ 30 ಪಟ್ಟಿನದ್ದಕ್ಕೆ ಎಲೆಯನ್ನು 8 ಮಿಲಿಮೀಟರಿಗೆ ತರಬೇಕು, ಹಿತ್ತಿಲಲ್ಲಿ ಆಗುವ ಕೆಲಸವಲ್ಲ. 10 ತೆಗೆದುಕೊಳ್ಳಿ.

ಇಷ್ಟೆಲ್ಲ ನೋಡಿಯೂ ಅನುಮಾನ ಉಳಿದರೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಎಲೆ ಒಯ್ದು ತೋರಿಸಿ. ಮಂಗಳೂರಿನವರಿಗೆ ಕಂಕನಾಡಿಯಲ್ಲಿದೆ. ಎಲೆಯನ್ನು ಪ್ಲಾಸ್ಟಿಕ್‌ನಲ್ಲಿ ಹಾಕಬೇಡಿ, ಬೆವರಿ ಕೊಳೆತು ಗುರುತೇ ಸಿಗುವುದಿಲ್ಲ. ಪೇಪರ್ ಕವರಿನಲ್ಲಿ, ಹಳೆ ಎಲೆ, ಹೊಸ ಎಲೆ ಎರಡನ್ನೂ ಇಟ್ಟುಕೊಂಡು ಹೋಗಿ.